ವೇದಿಕೆಯ ಹಲಗೆ, ಹೊಳೆಯ ಕಿಂಡಿ

ಮಂಡಲ ಪಂಚಾಯತಿನಲ್ಲಿ ಹೊಳೆಯ ಕಟ್ಟದ ಜವಾಬ್ದಾರಿ ನಾನು ಕೇಳಿ ಪಡೆದದ್ದಲ್ಲ. ರಸ್ತೆ, ದಾರಿದೀಪ, ಶಾಲೆಯ ಹಂಚಿನ ಮಾಡು ಎಂದು ಸದಸ್ಯರೆಲ್ಲ ಒಂದೊಂದನ್ನು ಹಂಚಿಕೊಂಡ ಮೇಲೆ ಮೇಜಿನ ಮೇಲೆ ಉಳಿದದ್ದು ಅದೊಂದೇ. ಪ್ರಧಾನರು ಕನ್ನಡಕದ ಮೇಲಿಂದ ಸುತ್ತ ನೋಡಿ, "ಬಾಯಮ್ಮನವರು ಇದ್ದಾರಲ್ಲ. ಹೊಳೆ ಅವರ ಮನೆಯ ಹಿಂದೆಯೇ ಹರಿಯುವುದು" ಎಂದರು. ನಮ್ಮ ಕಡೆ ಕ್ರೈಸ್ತ ಹೆಂಗಸರನ್ನು ಬಾಯಮ್ಮ ಎಂದೇ ಕರೆಯುವುದು. ಎಲ್ಲರೂ ಬಹಳ ಸಂತೋಷದಿಂದ ತಲೆಯಾಡಿಸಿದರು. ಹೊಳೆ ಹಿತ್ತಿಲಲ್ಲಿ ಹರಿಯುತ್ತದೆ ಎನ್ನುವುದನ್ನು ಬಿಟ್ಟರೆ ನನಗೆ ಬೇರೆ ಅರ್ಹತೆ ಇರಲಿಲ್ಲ. ನಾನು ಮನೆಯ ಜಗಲಿಯಲ್ಲಿ ಹುಡುಗಿಯರಿಗೆ ಹೊಲಿಗೆ ಕಲಿಸುತ್ತಿದ್ದವಳು.

ಎಂಬತ್ತರ ದಶಕದ ಕೊನೆಕೊನೆಗೆ ಮಂಡಲ ಪಂಚಾಯತು ಹೊಸತಾಗಿ ಬಂದು, ಹೆಂಗಸರಿಗೆಂದು ಸೀಟು ಮೀಸಲಿಟ್ಟದ್ದರಿಂದ ನಾನು ಅಲ್ಲಿ ಕುಳಿತಿದ್ದೆ. ಕಾಪು ಮತ್ತು ಮಟ್ಟುವಿನ ನಡುವಿನ ನಮ್ಮ ಊರಿನ ಕೊಂಕಣಿ ಕ್ರೈಸ್ತರು ಅಲ್ಲಿಯವರೆಗೆ ಓಟು ಹಾಕಿದ್ದುಂಟು, ನಿಂತದ್ದಿಲ್ಲ. "ನಾವು ನಾಲ್ಕು ಮನೆಯವರು. ಓಟು ಹಾಕಬೇಕು, ತೆರಿಗೆ ಕಟ್ಟಬೇಕು, ಮನೆಗೆ ಬಂದು ಗಂಜಿ ಉಣ್ಣಬೇಕು. ಸರ್ಕಾರಕ್ಕೆ ನಮಸ್ಕಾರ ಕೊಟ್ಟರೆ ಸಾಕು, ಕೈ ಕುಲುಕಲು ಹೋಗಬಾರದು" ಎನ್ನುವುದು ನಮ್ಮ ಗುರ್ಕಾರರ ಮಾತು. ಚರ್ಚಿನ ಪ್ರತಿಯೊಂದು ವಾಡೆಗೆ, ಎಂದರೆ ಕೇರಿಗೆ, ಒಬ್ಬ ಹಿರಿಯರು ಇರುತ್ತಾರೆ, ಅವರೇ ಗುರ್ಕಾರ. ನಮ್ಮವರು ಬಡಗಿ, ಮಾತು ಮತ್ತು ಮೊಳೆ ಎರಡನ್ನೂ ನೇರ ಹೊಡೆಯುವವರು. ಆದರೂ ನನ್ನ ಹೆಸರು ಬಂದಾಗ ಅವರೇ ಮನೆಮನೆಗೆ ತಿರುಗಿ ಓಟು ಕೇಳಿದರು. ಕಾರಣ ಒಂದೇ: ಚರ್ಚಿನ ರಸ್ತೆಗೆ ಜಲ್ಲಿ ಬೀಳಬೇಕು.

ಬಹರೈನಿನಲ್ಲಿದ್ದ ನನ್ನ ಗಂಡ ಫೋನಿನಲ್ಲಿ, "ನಿನಗೆ ಆಗ್ತದೆ, ನಿಲ್ಲು" ಎಂದಿದ್ದರು. ಅತ್ತೆ ಮಾತ್ರ ಬೇರೆ ರೀತಿ ಯೋಚಿಸಿದ್ದರು. "ಮೀಟಿಂಗಿಗೆ ಹೋದರೆ ಚಹಾ ಕೊಡ್ತಾರಾ?" ಎಂದು ಕೇಳಿ, ಕೊಡುತ್ತಾರೆ ಎಂದ ಮೇಲೆ ಒಪ್ಪಿಕೊಂಡರು.

ಕಟ್ಟ ಎಂದರೆ ಹೊಳೆಗೆ ಅಡ್ಡವಾಗಿರುವ ಕಿಂಡಿ ಅಣೆಕಟ್ಟು. ಸಮುದ್ರ ಹತ್ತಿರವಿರುವುದರಿಂದ, ಅದು ಉಬ್ಬುವ ಭರತದ ಹೊತ್ತಿಗೆ ಉಪ್ಪುನೀರು ಹೊಳೆಯಲ್ಲಿ ಮೇಲೇರುತ್ತದೆ. ಮಳೆಗಾಲದಲ್ಲಿ ಹೊಳೆಯ ನೀರೇ ಅದನ್ನು ಹಿಂದಕ್ಕೆ ತಳ್ಳುತ್ತದೆ. ಡಿಸೆಂಬರಿನಲ್ಲಿ ಹೊಳೆಗೆ ಆ ಶಕ್ತಿ ಇರುವುದಿಲ್ಲ. ಆಗ ಕಲ್ಲಿನ ಕಂಬಗಳ ನಡುವಿನ ಕಿಂಡಿಗಳನ್ನು ಮುಚ್ಚಬೇಕು. ಪ್ರತಿ ಕಂಬದ ಬದಿಯಲ್ಲಿ ಮೇಲಿನಿಂದ ಕೆಳಗಿನವರೆಗೆ ಕೊರೆದ ಎರಡೆರಡು ಕಚ್ಚು ಇರುತ್ತವೆ. ಹಲಗೆಯ ತುದಿಗಳನ್ನು ಎದುರುಬದುರು ಕಚ್ಚಿಗೆ ಕೂರಿಸಿ ಒಂದರ ಮೇಲೊಂದು ಇಳಿಸಿದರೆ ಒಂದು ಗೋಡೆ, ಪಕ್ಕದ ಕಚ್ಚಿನಲ್ಲಿ ಇನ್ನೊಂದು ಗೋಡೆ. ಎರಡರ ನಡುವೆ ಜೇಡಿಮಣ್ಣು ತುಂಬಿ ತುಳಿದರೆ ಮುಗಿಯಿತು. ಹೇಳಲು ಅಷ್ಟೇ. ಹಿಂದಿನ ಕೆಲವು ವರ್ಷ ಗುತ್ತಿಗೆದಾರ ಬಂದೇ ಇರಲಿಲ್ಲ. ಮಟ್ಟುವಿನ ಕಡೆಯ ಗುಳ್ಳದ ಗಿಡಗಳು ಕಾಯಿ ಬಿಡುವ ಹೊತ್ತಿಗೆ ಎಲೆ ಸುಟ್ಟುಕೊಂಡವು, ನಮ್ಮ ಬಾವಿಗಳು ಮಾರ್ಚಿನಲ್ಲೇ ಉಪ್ಪಾದವು. ಆ ಬದನೆಯನ್ನೇ ನಂಬಿದ ಮನೆಗಳಿಗೆ ಇನ್ನೊಂದು ವರ್ಷ ಹಾಗೆಯೇ ಹೋದರೆ ಗದ್ದೆಯನ್ನೇ ಬಿಡಬೇಕಾದ ಸ್ಥಿತಿ.

ಉಡುಪಿಯ ಕಚೇರಿಯಿಂದ ಎಂಜಿನಿಯರರೊಬ್ಬರು ಮೊಪೆಡ್‌ನಲ್ಲಿ ಬಂದರು. ಇನ್ನೂ ಚಿಕ್ಕ ಪ್ರಾಯ, ಒಳ್ಳೆಯವರು. ಇಬ್ಬರೂ ಕಟ್ಟದ ಪಕ್ಕದ, ಹಲಗೆ ಇಡುವ ಶೆಡ್ಡಿನ ಬೀಗ ತೆಗೆಸಿ ನೋಡಿದೆವು. ಇರಬೇಕಾದ ಹಲಗೆಗಳಲ್ಲಿ ಅರ್ಧವೂ ಇರಲಿಲ್ಲ. ಹಿಂದಿನ ಗೋಡೆಯ ತಗಡನ್ನು ಯಾರೋ ಬಿಚ್ಚಿ, ಕೆಲಸ ಮುಗಿದ ಮೇಲೆ ಮರ್ಯಾದೆಯಿಂದ ಪುನಃ ಕಟ್ಟಿದ್ದರು.

"ಹೊಸ ಹಲಗೆಗೆ ಎಸ್ಟಿಮೇಟ್ ಕಳುಹಿಸುತ್ತೇನೆ ಮೇಡಂ. ಮುಂದಿನ ವರ್ಷ ಬಂದೀತು" ಎಂದರು ಎಂಜಿನಿಯರ್.

"ಉಪ್ಪುನೀರು ಈ ವರ್ಷವೇ ಬರ್ತದಲ್ಲ?"

"ಅದಕ್ಕೆ ಎಸ್ಟಿಮೇಟ್ ಬೇಡ ಅಲ್ವಾ" ಎಂದು ಅವರು ನಕ್ಕರು. ನನಗೂ ನಗು ಬಂತು. ಹೋಗುವ ಮುಂಚೆ ಅವರು ಒಂದು ಗುರುತು ತೋರಿಸಿಕೊಟ್ಟರು: ಸರ್ಕಾರದ ಹಲಗೆಯಾದರೆ ಎರಡೂ ತುದಿಗೆ ಡಾಂಬರು, ಪಕ್ಕದಲ್ಲಿ ಕಿಂಡಿಯ ನಂಬರು ಕೆತ್ತಿರುತ್ತದೆ. ಎಲ್ಲಿ ಸಿಕ್ಕಿದರೂ ತಂದುಬಿಡಿ ಎಂದರು.

ಅಂದಿನಿಂದ ನನಗೆ ದಾರಿಯಲ್ಲಿ ಕಂಡ ಮರವೆಲ್ಲ ಸಂಶಯ. ಮಟ್ಟುವಿನ ಕಡೆಯ ಸದಸ್ಯರೊಬ್ಬರಿದ್ದರು, ಸ್ವತಃ ಗುಳ್ಳ ಬೆಳೆಯುವವರು. ಸಭೆಯಲ್ಲಿ ಕಟ್ಟ ಕಟ್ಟ ಎಂದು ಮೇಜು ಗುದ್ದುತ್ತಿದ್ದವರು ಅವರೇ. ಗಿಡಗಳನ್ನು ನೋಡಲು ಅವರ ಮನೆಗೆ ಹೋದೆ. ಅಂಗಳಕ್ಕೆ ಕಾಲಿಡುವ ಮುಂಚೆ ಒಂದು ತೋಡು, ಅದನ್ನು ದಾಟಲು ಹಲಗೆಯ ಕಾಲುಸಂಕ. ಸಂಕದ ತುದಿಯಲ್ಲಿ ಡಾಂಬರು ಹೊಳೆಯುತ್ತಿತ್ತು. ನಾನು ಅದರ ಮೇಲೆಯೇ ನಡೆದು ಹೋಗಿ, ಅವರು ಕೊಟ್ಟ ಬೆಲ್ಲ ನೀರು ಕುಡಿದು, ಏನೂ ಹೇಳದೆ ಬಂದೆ. ಮೇಲ್ಗಡೆಯ ಒಂದು ಮನೆಯಲ್ಲಿ ದನದ ಹಟ್ಟಿಯ ಅಟ್ಟ, ಇನ್ನೊಂದು ಕಡೆ ಭತ್ತ ಬಡಿಯುವ ಮಣೆ, ಎಲ್ಲದಕ್ಕೂ ಅದೇ ಡಾಂಬರು. ಸರಿ, ಕಳ್ಳರೆಲ್ಲ ಆ ಕಡೆಯವರೇ ಎಂದುಕೊಂಡು ಸ್ವಲ್ಪ ಸಮಾಧಾನವೂ ಆಯಿತು.

ಆ ಸಮಾಧಾನ ಹೆಚ್ಚು ದಿನ ಬಾಳಲಿಲ್ಲ. ಕ್ರಿಸ್ಮಸ್ ಹತ್ತಿರ ಬರುತ್ತಿತ್ತು. ಚರ್ಚಿನ ಸಭಾಂಗಣದಲ್ಲಿ ಮಕ್ಕಳ ನಾಟಕಕ್ಕೆ ವೇದಿಕೆ ಅಲಂಕರಿಸುವ ಕೆಲಸ ಪ್ರತಿ ವರ್ಷ ನನ್ನದು. ವೇದಿಕೆಯ ಅಂಚಿಗೆ ಕೆಂಪು ಬಟ್ಟೆಯ ನೆರಿಗೆ ಹಿಡಿದು ಮೊಳೆ ಹೊಡೆಯುತ್ತಿದ್ದೆ. ಒಂದು ಮೊಳೆ ಎಷ್ಟು ಹೊಡೆದರೂ ಇಳಿಯಲಿಲ್ಲ. ಬಗ್ಗಿ ನೋಡಿದರೆ ಗಟ್ಟಿಯಾಗಿ ಒಣಗಿದ ಡಾಂಬರು. ಕೆಳಗೆ ತೂರಿಕೊಂಡು ಹೋಗಿ ನೋಡಿದೆ. ಹಲಗೆ ಹಲಗೆಗೂ ನಂಬರು, ಅಚ್ಚುಕಟ್ಟಾಗಿ ಸಾಲಾಗಿ. ಊರಿನಲ್ಲಿ ಕಾಣೆಯಾದ ಹಲಗೆಗಳಲ್ಲಿ ದೊಡ್ಡ ಪಾಲು ನಮ್ಮ ಚರ್ಚಿನಲ್ಲೇ ಇತ್ತು. ಕ್ರಿಸ್ತಜನನವನ್ನು ನಾವು ಸರ್ಕಾರದ ಸೊತ್ತಿನ ಮೇಲೆಯೇ ಆಡಿಸುತ್ತ ಬಂದಿದ್ದೆವು.

ಗುರ್ಕಾರರಿಗೆ ಹೇಳಿದಾಗ ಅವರು ಮುಚ್ಚಿಡಲಿಲ್ಲ. "ಹೌದು, ನಾನೇ ತಂದದ್ದು. ಶೆಡ್ಡಿನ ಹೊರಗೆ ಮಳೆಗೆ ಕೊಳೆಯುತ್ತಾ ಬಿದ್ದಿತ್ತು ಮಾರಾಯ್ತಿ. ಒಳ್ಳೆಯ ಮರ. ನಾನು ಕಾಪಾಡಿದ್ದು."

"ಆದರೆ ಅದು ಸರ್ಕಾರದ್ದು ಅಲ್ವಾ?"

"ಸರ್ಕಾರದ್ದು ಅಂದರೆ ಯಾರದ್ದು? ಯಾರಾದರೂ ಕೇಳಿಕೊಂಡು ಬಂದರಾ ಇಷ್ಟು ವರ್ಷ?"

"ಈಗ ನಾನು ಬಂದಿದ್ದೇನಲ್ಲ."

ಅವರು ನನ್ನ ಮುಖ ನೋಡಿದರು. "ರಸ್ತೆ ತರಲಿಕ್ಕೆ ಕಳುಹಿಸಿದರೆ ನೀನು ವೇದಿಕೆ ಕೊಂಡುಹೋಗಲು ಬಂದೆ" ಎಂದು ಉಳಿ ಕೆಳಗಿಟ್ಟರು.

ಪಾದ್ರಿಗಳ ಬಳಿ ಹೋದೆ. ವಯಸ್ಸಾದವರು, ನಿಧಾನಿ. ಟಾರ್ಚು ಹಿಡಿದು ವೇದಿಕೆಯ ಕೆಳಗೆ ಬಗ್ಗಿ ನೋಡಿ, ನಿಲುವಂಗಿಯ ಧೂಳು ಕೊಡವಿಕೊಂಡರು. "ನಾಣ್ಯದ ಮೇಲೆ ಯಾರ ಮುಖ ಅಂತ ಯೇಸು ಕೇಳಿ, ರಾಜನದ್ದನ್ನು ರಾಜನಿಗೆ ಕೊಡಿ ಅಂದದ್ದರ ಮೇಲೆ ನಾನು ಎಷ್ಟು ಪ್ರಸಂಗ ಕೊಟ್ಟಿದ್ದೇನೋ. ಈ ನಂಬರಿನ ಮೇಲೆಯೇ ನಿಂತು ಕೊಟ್ಟದ್ದು ಅಂತ ಗೊತ್ತಿರಲಿಲ್ಲ" ಎಂದರು. ಆದರೆ ಆಜ್ಞೆ ಮಾಡಲು ಒಪ್ಪಲಿಲ್ಲ. "ನಾನು ಹೇಳಿದರೆ ಜನ ಕೊಡ್ತಾರೆ, ನಿಜ. ಆದರೆ ಅದು ಪಾದ್ರಿಗೆ ಕೊಟ್ಟ ಹಾಗಾಗ್ತದೆ. ಪಂಚಾಯತಿಗೆ ಕೊಡಬೇಕಾದ್ದು. ನೀನೇ ಕೇಳು."

ಮುಂದಿನ ಭಾನುವಾರ ಪೂಜೆಯ ನಂತರ ಚರ್ಚಿನ ಪಾಲನಾ ಸಮಿತಿಯ ಮುಂದೆ ನಿಂತು ಕೇಳಿದೆ. ಯಾರೂ ಬೈಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು. ಎಲ್ಲರೂ ಬಹಳ ನ್ಯಾಯವಾಗಿ ಮಾತಾಡಿದರು. "ಕೊಡುವುದಿಲ್ಲ ಅಂತ ಹೇಳ್ತಾ ಇಲ್ಲ. ಕ್ರಿಸ್ಮಸ್ ಒಂದು ಕಳೆಯಲಿ. ಮಕ್ಕಳು ತಿಂಗಳಿನಿಂದ ಅಭ್ಯಾಸ ಮಾಡ್ತಾ ಇದ್ದಾರೆ. ಮರುದಿನವೇ ಬಿಚ್ಚಿ ಕೊಡುವ." ನನಗೆ ತಪ್ಪೇನೂ ಕಾಣಲಿಲ್ಲ. ನಾನೇ ಹೊಲಿದ ದೇವದೂತರ ರೆಕ್ಕೆಗಳು ಮನೆಯಲ್ಲಿ ತೂಗುತ್ತಿದ್ದವು. ಯೋಚಿಸಿ ಹೇಳುತ್ತೇನೆ ಎಂದು, ಅಲ್ಲಿಂದ ನೇರ ಮಟ್ಟುವಿನ ಸದಸ್ಯರಲ್ಲಿಗೆ ಹೋದೆ.

ಅವರು ಗದ್ದೆಯಲ್ಲಿದ್ದರು. ಗುಳ್ಳದ ಗಿಡಗಳಲ್ಲಿ ನೇರಳೆ ಹೂವು, ಅಲ್ಲಲ್ಲಿ ಹಸಿರು ಕಾಯಿ, ಗೋಲಿಗಿಂತ ಸ್ವಲ್ಪ ದೊಡ್ಡದು. ನಾನು ಸುಮ್ಮನೆ ಕೇಳಿದಂತೆ ಕೇಳಿದೆ: "ಕಟ್ಟ ಹಾಕುವುದು ಕ್ರಿಸ್ಮಸ್ ಕಳೆದು ಆದರೆ ಎಂತ?"

"ಅಮಾವಾಸ್ಯೆಯ ಭರತ ಕ್ರಿಸ್ಮಸಿಗೆ ಮುಂಚೆಯೇ ಉಂಟಲ್ಲ ಬಾಯಮ್ಮ" ಎಂದರು. "ಅಮಾವಾಸ್ಯೆಗೆ ನೀರು ಎಷ್ಟು ಏರ್ತದೆ ಗೊತ್ತುಂಟಾ? ಒಮ್ಮೆ ಈ ತೋಡಿಗೆ ಬಂದರೆ ಆಯಿತು. ಸಮುದ್ರಕ್ಕೆ ನೀವು ಹೇಳಿ ನೋಡಿ, ಸ್ವಲ್ಪ ನಿಲ್ಲು, ನಮ್ಮಲ್ಲಿ ನಾಟಕ ಉಂಟು ಅಂತ." ಅವರು ಗಹಗಹಿಸಿ ನಕ್ಕರು. ಆದರೆ ನಗುತ್ತಲೇ ಬಗ್ಗಿ ಒಂದು ಎಲೆಯನ್ನು ಮಗುಚಿ, ಹಿಂಭಾಗ ನೋಡಿ, ಮೆಲ್ಲಗೆ ಬಿಟ್ಟರು. ಹಿಂದಿನ ವರ್ಷ ಎಲೆ ಸುಟ್ಟಾಗ ಅವರ ಹೆಂಡತಿಯ ಚಿನ್ನದ ಬಳೆ ಅಡವಿಗೆ ಹೋದದ್ದು ಊರಿಗೆಲ್ಲ ಗೊತ್ತಿತ್ತು.

ಬರುವಾಗ ಅವರ ಸಂಕದ ಮೇಲೆ ನಿಂತೆ. ಇದನ್ನು ಬಿಚ್ಚಿ ಕೊಡಿ ಎಂದು ಕೇಳುವ ಬಾಯಿ ನನಗೆಲ್ಲಿತ್ತು? ನಾನು ಇಷ್ಟು ಕಾಲ ಸರ್ಕಾರ ಎಂದರೆ ಜೀಪಿನಲ್ಲಿ ಬಂದು ಜೀಪಿನಲ್ಲಿ ಹೋಗುವ ಒಂದು ವಸ್ತು ಎಂದುಕೊಂಡಿದ್ದೆ. ನಾವು ಅದಕ್ಕೆ ಮರ್ಯಾದೆ ಕೊಟ್ಟು ದಾರಿ ಬಿಟ್ಟು ನಿಲ್ಲುವವರು. ಈಗ ಆ ಗದ್ದೆಯಿಂದ ಮನೆಗೆ ನಡೆಯುವಾಗ, ಈ ಊರಿನ ಮಟ್ಟಿಗೆ ಜೀಪು ಬರುವುದಿಲ್ಲ, ಬರಬೇಕಾದವಳು ನಾನೇ ಎನ್ನುವುದು ಹೊಳೆಯಿತು. ಮನೆಗೆ ಹೋಗದೆ ಗುರ್ಕಾರರ ಅಂಗಳಕ್ಕೆ ಹೋದೆ.

"ಕ್ರಿಸ್ಮಸ್ ಕಳೆದಲ್ಲ, ಈಗಲೇ ಬೇಕು" ಎಂದೆ. "ನಮ್ಮದನ್ನು ಮೊದಲು ಬಿಚ್ಚದೆ ನಾನು ಬೇರೆಯವರ ಹಟ್ಟಿಗೆ ಹೋಗಿ ಕೇಳಲಿಕ್ಕೆ ಆಗುವುದಿಲ್ಲ. ನೀವು ಕೊಡದಿದ್ದರೆ ನಾನೇ ಹಾರೆ ಹಿಡಿದು ಬರ್ತೇನೆ."

ಗುರ್ಕಾರರು ಮೊದಲು ನನ್ನ ಕೈ ನೋಡಿದರು. ಆಮೇಲೆ, "ನೀನು ಹಾರೆ ಹಾಕಿದರೆ ಹಲಗೆ ಸೀಳ್ತದೆ" ಎಂದರು. "ಮೊಳೆ ನಾನು ಓರೆ ಹೊಡೆದದ್ದು. ಎಲ್ಲಿ ಉಂಟು ಅಂತ ನನಗೆ ಮಾತ್ರ ಗೊತ್ತು." ಮರುದಿನ ಬೆಳಿಗ್ಗೆ ಅವರೇ ಸಭಾಂಗಣಕ್ಕೆ ಬಂದು, ಗೊಣಗುತ್ತಾ, ಒಂದೊಂದೇ ಮೊಳೆಯನ್ನು ಹಲ್ಲು ಕೀಳುವ ವೈದ್ಯನ ಹಾಗೆ ಕಿತ್ತರು. ಒಂದು ಹಲಗೆಯೂ ಸೀಳಲಿಲ್ಲ.

ಹಲಗೆಗಳನ್ನು ಎತ್ತಿನ ಗಾಡಿಯಲ್ಲಿ ಹೇರಿ ಹಗಲಿನಲ್ಲೇ ಪೇಟೆಯ ದಾರಿಯಾಗಿ ತಂದೆವು. ಜನ ಅಂಗಡಿಯಿಂದ ಹೊರಬಂದು ನೋಡಿದರು. ಎಲ್ಲಿಂದ ಎಂದು ಕೇಳಿದವರಿಗೆಲ್ಲ ನಾನು, "ಚರ್ಚಿನಿಂದ, ನಮ್ಮ ವೇದಿಕೆಯದ್ದು" ಎಂದೆ. ಮೊದಲ ಸಲ ಹೇಳುವಾಗ ಕಿವಿ ಬಿಸಿಯಾಯಿತು. ಕೊನೆಕೊನೆಗೆ ಗುರ್ಕಾರರೇ ಗಾಡಿಯ ಮೇಲಿಂದ ಕೂಗಿ ಹೇಳತೊಡಗಿದರು. ಕಾಪಾಡಿಟ್ಟದ್ದು ಯಾರು ಎನ್ನುವುದನ್ನೂ ಸೇರಿಸಿ.

ಮಟ್ಟುವಿನ ಸದಸ್ಯರೂ ದಾರಿಯಲ್ಲಿ ನೋಡಿದ್ದರು. ಮಾರನೆಯ ದಿನ ಅವರ ಸಂಕ ಶೆಡ್ಡಿನ ಮುಂದೆ ಒರಗಿ ನಿಂತಿತ್ತು. ಅವರ ಹೆಂಡತಿ ಮೊಣಕಾಲುದ್ದ ನೀರಿನಲ್ಲಿ ತೋಡು ದಾಟುತ್ತ ಗಂಡನಿಗೂ ನನಗೂ ಸೇರಿಸಿ ತುಳುವಿನಲ್ಲಿ ಬೈಯುತ್ತಿದ್ದುದು ರಸ್ತೆಯವರೆಗೆ ಕೇಳಿಸುತ್ತಿತ್ತು. ಭತ್ತ ಬಡಿಯುವ ಮಣೆಯೂ ಬಂತು. ಹಟ್ಟಿಯ ಅಟ್ಟದವರು ಮಾತ್ರ ಜಪ್ಪಯ್ಯ ಎಂದರೂ ಕೊಡಲಿಲ್ಲ. "ಪೊಲೀಸರನ್ನು ಕರೆದುಕೊಂಡು ಬನ್ನಿ" ಎಂದರು. ಅದಕ್ಕೆಲ್ಲ ಸಮಯವಿರಲಿಲ್ಲ. ಕಡಿಮೆ ಬಿದ್ದದ್ದಕ್ಕೆ ಗುರ್ಕಾರರು ಬಿದ್ದ ತೆಂಗಿನ ಮರವೊಂದನ್ನು ಸೀಳಿ ಹಲಗೆ ಮಾಡಿದರು.

ಕಟ್ಟ ಹಾಕಲು ಅನುಕೂಲವಾದ ದಿನ ಅಮಾವಾಸ್ಯೆಗೆ ಒಂದು ವಾರ ಮುಂಚಿನದು. ಆಗ ಭರತ ಸಣ್ಣದು, ಇಳಿತವೂ ಮಧ್ಯಾಹ್ನದ ಹೊತ್ತಿಗೆ. ಆದರೆ ಆ ದಿನ ಭಾನುವಾರ. ಗುರ್ಕಾರರಿಗೆ ಪುನಃ ಸಂಕಟ. "ದೇವರ ದಿನ ಕೈಕೆಲಸ ಮಾಡುವುದಾ?" ಎಂದು ಪಾದ್ರಿಗಳನ್ನು ಕೇಳಿದರು. "ನೆರೆಯವನ ಎತ್ತು ಬಾವಿಗೆ ಬಿದ್ದರೆ ಸೋಮವಾರದವರೆಗೆ ಕಾಯ್ತೀಯಾ?" ಎಂದು ಪಾದ್ರಿಗಳು ಹೇಳಿ, ಪೂಜೆಯನ್ನು ಬೆಳಿಗ್ಗೆ ಬೇಗ ಇಟ್ಟರು. ಪ್ರಸಂಗ ಅವರ ಜೀವಮಾನದಲ್ಲೇ ಚಿಕ್ಕದು. ಊರಿನವರು ಇಂದಿಗೂ ಅದನ್ನು ನೆನಪಿಸಿಕೊಳ್ಳುತ್ತಾರೆ, ಏನು ಹೇಳಿದರು ಎಂದಲ್ಲ, ಎಷ್ಟು ಬೇಗ ಮುಗಿಸಿದರು ಎಂದು.

ಎರಡೂ ದಂಡೆಯಿಂದ ಜನ ಬಂದರು. ಗಂಡಸರು ಎದೆಮಟ್ಟದ ನೀರಿನಲ್ಲಿ ನಿಂತು ಹಲಗೆ ಇಳಿಸಿದರು, ಹೆಂಗಸರು ಸಾಲಾಗಿ ನಿಂತು ಮಣ್ಣಿನ ಬುಟ್ಟಿ ದಾಟಿಸಿದರು. ತೋಡು ದಾಟುತ್ತ ಬೈದಿದ್ದ ಆ ಹೆಂಗಸು ನನ್ನ ಪಕ್ಕದಲ್ಲೇ ಇದ್ದರು. "ಬೇಗ ದಾಟಿಸಿ ಬಾಯಮ್ಮ, ಇದೇನು ಸೂಜಿಗೆ ದಾರ ಪೋಣಿಸುವುದಾ?" ಎಂದು ಹೇಳುತ್ತಲೇ ಇದ್ದರು. ಸಂಜೆಯ ಹೊತ್ತಿಗೆ ಎಲ್ಲ ಕಿಂಡಿ ಮುಚ್ಚಿತ್ತು. ಕೈಕಾಲು ತೊಳೆದು, ಒಬ್ಬರನ್ನೊಬ್ಬರು ಹೊಗಳಿ ಮನೆಗೆ ಹೋದೆವು.

ಸೋಮವಾರ ಬೆಳಿಗ್ಗೆ ಹೋಗಿ ನೋಡಿದರೆ ನಡುವಿನ ಕಿಂಡಿ ಬಾಯಿ ತೆರೆದಿತ್ತು. ಅಲ್ಲಿ ಇಳಿಸಿದ್ದ ತೆಂಗಿನ ಹಲಗೆಗಳು ಹಗುರ. ರಾತ್ರಿಯ ಭರತಕ್ಕೆ ತೇಲಿ ಕಚ್ಚಿನಿಂದ ಎದ್ದುಬಿಟ್ಟಿದ್ದವು, ನಡುವಿನ ಸಡಿಲ ಮಣ್ಣೆಲ್ಲ ಕರಗಿ ಹೋಗಿತ್ತು. ಗುರ್ಕಾರರು ದಂಡೆಯ ಮೇಲೆ ತಲೆಗೆ ಕೈ ಕೊಟ್ಟು ಕುಳಿತರು. ಮಟ್ಟುವಿನ ಸದಸ್ಯರ ನಗು ನಿಂತುಹೋಗಿತ್ತು. "ಮಣ್ಣು ತುಂಬಿದರೆ ಪುನಃ ಕರಗ್ತದೆ" ಎಂದರು.

ಮಣ್ಣಿಗೆ ಬಟ್ಟೆ ಹಾಕಿದರೆ ಎಂದು ನನಗೆ ಅನಿಸಿತು. ತಲೆದಿಂಬಿನ ಹತ್ತಿ ಎಲ್ಲಿಗೂ ಹೋಗುವುದಿಲ್ಲ, ಗವಸು ಇರುವುದರಿಂದ. ರೇಷನ್ ಅಂಗಡಿಯ ಹಳೆಯ ಗೋಣಿಗಳನ್ನೆಲ್ಲ ಹೊರಿಸಿಕೊಂಡು ಮನೆಗೆ ಓಡಿದೆ. ಎರಡು ಗೋಡೆಗಳ ನಡುವಿನ ಅಗಲವನ್ನು ಹೊಲಿಗೆಯ ಟೇಪಿನಿಂದಲೇ ಅಳೆದುಕೊಂಡಿದ್ದೆ. ಗೋಣಿಯನ್ನು ಉದ್ದುದ್ದ ಕತ್ತರಿಸಿ, ಅಷ್ಟೇ ಅಗಲಕ್ಕೆ ಕಿರಿದಾದ ಚೀಲ ಹೊಲಿಯಬೇಕು. ಬಿಗಿಯಾಗಿ ಕೂರಲು ಅರ್ಧ ಅಂಗುಲ ಹೆಚ್ಚು. ಕ್ಲಾಸಿನ ಹುಡುಗಿಯರು ಬ್ಲೌಸು ಬದಿಗಿಟ್ಟು ಮೆಷಿನ್‌ಗೆ ಕೂತರು. ದಪ್ಪ ಸೂಜಿಗಳೂ ಟಣ್ ಟಣ್ ಎಂದು ಮುರಿಯುತ್ತಿದ್ದವು. ಅತ್ತೆ ಗೋಣಿಯ ಧೂಳಿಗೆ ಸೀನುತ್ತಾ, "ಪಂಚಾಯತಿನ ಚಹಾ ಇಷ್ಟು ದುಬಾರಿ ಅಂತ ಗೊತ್ತಿರಲಿಲ್ಲ" ಎಂದರು. ಆದರೆ ದಂಡೆಯಲ್ಲಿ ಮಣ್ಣು ತುಂಬಿದ ಮೇಲೆ ಕೈಹೊಲಿಗೆಯಲ್ಲಿ ಚೀಲದ ಬಾಯಿ ಮುಚ್ಚುವ ಕೆಲಸ ಯಾರೂ ಹೇಳದೆ ಅವರೇ ತೆಗೆದುಕೊಂಡರು.

ಮಧ್ಯಾಹ್ನದ ಇಳಿತಕ್ಕೆ ಪುನಃ ನೀರಿಗಿಳಿದರು. ಗುರ್ಕಾರರು ಪ್ರತಿ ಕಚ್ಚಿನ ತಲೆಗೆ ಮರದ ಬೆಣೆ ಹೊಡೆದು ಹಲಗೆಗಳು ಏಳದಂತೆ ಮಾಡಿದರು. ಜೇಡಿಮಣ್ಣು ತುಂಬಿದ ಚೀಲಗಳನ್ನು ಎರಡು ಗೋಡೆಗಳ ನಡುವೆ ಒಂದರ ಮೇಲೊಂದು ಇಳಿಸಿ ತುಳಿದರು. ಕೊನೆಯ ಚೀಲ ಸ್ವಲ್ಪ ದಪ್ಪವಾಗಿತ್ತು, ಇಬ್ಬರು ಮೇಲೆ ಹತ್ತಿ ಕುಣಿಯಬೇಕಾಯಿತು.

ಅಮಾವಾಸ್ಯೆಯ ದಿನ ಭರತ ಮಧ್ಯಾಹ್ನಕ್ಕೆ. ಅಂದೂ ಭಾನುವಾರ, ಪೂಜೆ ಮುಗಿಸಿ ಜನರೆಲ್ಲ ಒಳ್ಳೆಯ ಬಟ್ಟೆಯಲ್ಲೇ ಕಟ್ಟದ ಹತ್ತಿರ ಬಂದಿದ್ದರು. ಎದುರು ದಂಡೆಯಲ್ಲಿ ಮಟ್ಟುವಿನವರು. ಸಮುದ್ರದ ಕಡೆಯ ನೀರು ಹಲಗೆ ಹಲಗೆಯಾಗಿ ಏರಿತು. ಮೇಲಿನ ಹಲಗೆಯ ಕೆಳಗೆ ಬಂದು, ಅಲ್ಲೇ ತೂಗಾಡುತ್ತ ನಿಂತಿತು. ಮಟ್ಟುವಿನ ಸದಸ್ಯರು ಒಳಬದಿಯ ನೀರನ್ನು ಬೊಗಸೆಯಲ್ಲಿ ಎತ್ತಿ ಬಾಯಿಗೆ ಹಾಕಿಕೊಂಡರು. ಮುಖದಲ್ಲಿ ಏನೂ ತೋರಿಸದೆ ಪುನಃ ಒಂದು ಬೊಗಸೆ ಕುಡಿದರು. "ಎಂತ ಮಾರಾಯರೇ, ಹೇಳಿ!" ಎಂದು ಈಚೆಯಿಂದ ಗುರ್ಕಾರರು ಕೂಗಿದರು. "ಬಾಯಾರಿಕೆ ಆಗಿತ್ತು" ಎಂದು ಅವರು ಹೇಳಿದ್ದೇ ತಡ, ಎರಡೂ ದಂಡೆಯಲ್ಲಿ ಸಿಳ್ಳೆ, ಚಪ್ಪಾಳೆ.

ಮಕ್ಕಳ ನಾಟಕ ಆ ವರ್ಷ ನೆಲದ ಮೇಲೆಯೇ ನಡೆಯಿತು. ಹಿಂದಿನ ಸಾಲಿನವರಿಗೆ ದೇವದೂತರ ರೆಕ್ಕೆ ಮಾತ್ರ ಕಾಣಿಸಿತು ಎಂದು ದೂರು ಬಂತು. ಚರ್ಚಿನ ರಸ್ತೆಗೆ ಜಲ್ಲಿ ಬೀಳಲು ಇನ್ನೂ ಒಂದು ಮಳೆಗಾಲ ಕಳೆಯಬೇಕಾಯಿತು, ಗುರ್ಕಾರರು ಅದನ್ನು ನನಗೆ ಪ್ರತಿ ವಾರ ನೆನಪಿಸಿದರು.

ಕ್ರಿಸ್ಮಸ್ ಬೆಳಿಗ್ಗೆಯ ಪೂಜೆಗೆ ನಾನು ಅತ್ತೆಯ ಪಕ್ಕದಲ್ಲಿ ಕುಳಿತಿದ್ದೆ. ಎಲ್ಲರಿಗಾಗಿ ಮಾಡುವ ಬಿನ್ನಹಗಳನ್ನು ಓದುವಾಗ, ನಮ್ಮನ್ನು ಆಳುವವರಿಗಾಗಿ ಎಂಬ ಸಾಲು ಯಾವಾಗಲೂ ಇರುತ್ತದೆ. ಚಿಕ್ಕಂದಿನಿಂದ ಅದನ್ನು ಕೇಳುವಾಗ ನನ್ನ ಕಣ್ಣಿಗೆ ಬರುತ್ತಿದ್ದದ್ದು ದೆಹಲಿಯ ಬಿಳಿ ಟೋಪಿಗಳು. ಆ ದಿನ ಓದುವವರು ಆ ಸಾಲನ್ನು ಮುಗಿಸಿ, ಸ್ವಲ್ಪ ತಡೆದು, "ನಮ್ಮ ಮಂಡಲ ಪಂಚಾಯತಿನ ಸದಸ್ಯರಿಗಾಗಿಯೂ" ಎಂದು ಸೇರಿಸಿದರು. ಇಡೀ ಚರ್ಚು ಒಟ್ಟಿಗೆ, "ಪ್ರಭುವೇ, ನಮ್ಮ ಮೊರೆ ಆಲಿಸು" ಎಂದಿತು. ನಾನು ಹೇಳಬೇಕೋ ಬಾರದೋ ತಿಳಿಯದೆ ತಲೆ ತಗ್ಗಿಸಿ ಕುಳಿತೆ.

ಅತ್ತೆ ಮೊಣಕೈಯಿಂದ ತಿವಿದರು. "ನೀನೂ ಹೇಳು" ಎಂದು ಪಿಸುಗುಟ್ಟಿದರು. "ಎಲ್ಲರಿಗಿಂತ ಹೆಚ್ಚು ಬೇಕಾದ್ದು ನಿನಗೇ."